ಹೊತ್ತವರಿಗೆ ಹಾದಿ

ಮೇಲಿನ ಪೇಟೆಯಿಂದ ಕೆಳಗಿನ ಪೇಟೆಗೆ ಬಸ್ಸಿನ ರಸ್ತೆ ಗುಡ್ಡ ಸುತ್ತಿ, ಸೇತುವೆ ಹತ್ತಿ, ಹಾವಿನಂತೆ ಹೊರಳಿ ಬರುತ್ತದೆ. ಕಾಲುದಾರಿ ಹಾಗಲ್ಲ, ಹಟ ಹಿಡಿದ ಹುಡುಗಿಯಂತೆ ನೆಟ್ಟಗೆ ಇಳಿದುಬಿಡುತ್ತದೆ. ಹಿತ್ತಿಲುಗಳ ಹಿಂದೆ, ಒಣಹಾಕಿದ ಅಂಗಿಗಳ ತೋಳು ಸವರಿಕೊಂಡು ಬಂದು, ರೈಲುಹಳಿಯ ತಂತಿಬೇಲಿ ಸಿಕ್ಕಿದ ಕೂಡಲೇ ಒಬ್ಬರು ನಡೆಯುವಷ್ಟಕ್ಕೆ ಸಣಕಲಾಗುತ್ತದೆ. ಒಂದು ಮಗ್ಗುಲಿಗೆ ಬೇಲಿ, ಇನ್ನೊಂದಕ್ಕೆ ಎರಡೂ ಪೇಟೆಗಳ ಬಚ್ಚಲುನೀರು ಹರಿಯುವ ಚರಂಡಿ.

ಅಲ್ಲಿ ಎದುರುಬದುರಾದವರಲ್ಲಿ ಯಾರು ಯಾರಿಗೆ ದಾರಿ ಬಿಡಬೇಕು? ಫಲಕವಿಲ್ಲ, ಪೊಲೀಸಿಲ್ಲ. ಯಾವ ಕಾಲದ ಯಾವ ಅಜ್ಜಿ ಹೇಳಿಟ್ಟು ಹೋದಳೋ, ಒಂದು ಮಾತು ಮಾತ್ರ ಇದೆ: ಹೊತ್ತವರಿಗೆ ಹಾದಿ, ಬರಿಗೈಗೆ ಬದಿ. ಮೂಟೆ ಹೊತ್ತವರು ನೇರ ನಡೆಯುತ್ತಾರೆ, ಬರಿಗೈಯವರು ಚರಂಡಿಯ ಅಂಚಿಗೆ ಕಾಲಿಡುತ್ತಾರೆ. ಹೊತ್ತವರು ದಣಿದು ಮೂಟೆ ಇಳಿಸಿದರೆ ಅದನ್ನು ದಾಟುವಂತಿಲ್ಲ. ಹೊತ್ತವರನ್ನು ಹಿಂದೆ ಹಾಕಿ ಮುಂದೆ ನುಗ್ಗುವಂತೆಯೂ ಇಲ್ಲ. ಎಂಥ ದೊಡ್ಡ ಮನುಷ್ಯನಾದರೂ ಆ ದಾರಿಯಲ್ಲಿ ಇಷ್ಟೇ.

ಈ ಮಾತನ್ನು ಹೊಲಿಗೆಯವಳು ಕತ್ತರಿಯಂತೆ ಮಸೆದು ಇಟ್ಟುಕೊಂಡಿದ್ದಳು.

ಅವಳ ಹಗೆಯೆಲ್ಲ ಗಜಕಡ್ಡಿಯ ಮೇಲೆ. ಕೆಳಗಿನ ಪೇಟೆಯ ದೊಡ್ಡ ಬಟ್ಟೆಯಂಗಡಿಯ ಯಜಮಾನನಿಗೆ ಅಳತೆಕೋಲಿನಂಥ ಮೈಕಟ್ಟು ನೋಡಿ ಊರು ಇಟ್ಟ ಹೆಸರು ಅದು. ಅವನ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕಿಟಕಿಯಿಲ್ಲದ ಮೂಲೆಯಲ್ಲಿ, ಅವಳು ಪ್ರಾಯವನ್ನೆಲ್ಲ ಮಿಷನ್ ತುಳಿಯುತ್ತ ಕಳೆದಿದ್ದಳು. ಒಂದು ದಿನ ರೇಷ್ಮೆಯ ಥಾನೊಂದು ಕಾಣೆಯಾಯಿತು. ಗಜಕಡ್ಡಿ ಅವಳನ್ನು ಗಿರಾಕಿಗಳ ಮುಂದೆ ನಿಲ್ಲಿಸಿ, ಅವಳ ಕೈಚೀಲವನ್ನು ಬಟ್ಟೆ ಹರಡುವ ಕಟ್ಟೆಯ ಮೇಲೆ ಸುರಿದ. ಕತ್ತರಿ, ಬಾಚಣಿಗೆ, ತಲೆನೋವಿನ ಮಾತ್ರೆ ಉರುಳಿದವು. ರೇಷ್ಮೆಯ ಎಳೆಯೂ ಇರಲಿಲ್ಲ.

"ನುಂಗಿ ನೀರು ಕುಡಿದಿರಬೇಕು," ಎಂದ ಅವನು. ಗಿರಾಕಿಗಳು ನಕ್ಕರು.

ಕೆಲಸ ಹೋದದ್ದಕ್ಕಿಂತ ಆ ನಗು ಅವಳನ್ನು ಸುಟ್ಟಿತು. ಮುಂದೆ ಹೊಸ ಬಟ್ಟೆ ನಂಬಿ ಕೊಡುವವರೇ ಇಲ್ಲ. ಹರಿದ ಪ್ಯಾಂಟು, ಬಿಚ್ಚಿದ ಅಂಚು, ಉದುರಿದ ಗುಂಡಿ, ಅಷ್ಟೇ ಅವಳ ಪಾಲಿಗೆ. ಮದುವೆಯ ರವಿಕೆ ಹೊಲಿಯುತ್ತಿದ್ದ ಕೈಗೆ ಕಳ್ಳಿಯ ಕೈ ಎಂಬ ಹೆಸರು. ಆ ಹೆಸರು ಹೋಗಬೇಕು, ಹಚ್ಚಿದವನ ಬಾಯಿಂದಲೇ ಹೋಗಬೇಕು. ಅವಳಿಗೆ ಬೇರೆ ಆಸೆಯೇ ಉಳಿದಿರಲಿಲ್ಲ.

ಅಷ್ಟರಲ್ಲಿ ಗಜಕಡ್ಡಿಗೆ ಸಕ್ಕರೆ ಕಾಯಿಲೆ ಬಂತು. ಮೇಲಿನ ಪೇಟೆಯ ಮನೆಯಿಂದ ಅಂಗಡಿಗೆ ದಿನಾ ನಡೆದೇ ಹೋಗಬೇಕೆಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು. ಸುದ್ದಿ ಕೇಳಿದ ಮಾರನೆಯ ಬೆಳಿಗ್ಗೆಯೇ ಹೊಲಿಗೆಯವಳು ಹೊಲಿಗೆಬಟ್ಟೆಯ ಮೂಟೆ ಹೊತ್ತು ಕೆಳಗಿನಿಂದ ಹತ್ತಿದಳು. ಬೇಲಿಯ ಇಕ್ಕಟ್ಟಿನಲ್ಲಿ ಅವನು ಎದುರಾದ. ಬರಿಗೈ! ಅವನ ಬೂಟು ಕೆಸರಿಗಿಳಿದ ಸದ್ದು ಅವಳ ಕಿವಿಗೆ ಸಂಗೀತವಾಯಿತು. ಅಂದಿನಿಂದ ದಿನವೂ ಅದೇ ಕಛೇರಿ. ಹೊಲಿಗೆ ಇಲ್ಲದ ದಿನ ದಿಂಬು ತುಂಬಿಕೊಂಡು ಹೊರಡುತ್ತಿದ್ದಳು.

"ಅಕ್ಕಾ, ದಿಂಬು ಹೊತ್ಕೊಂಡು ಎಲ್ಲಿಗೆ? ನಿದ್ದೆ ಮಾರೋಕಾ?" ಎಂದು ತಂಗಿ ಛೇಡಿಸಿದಳು.

"ಅಲ್ಲ ಕಣೆ, ಕೆಡಿಸೋಕೆ."

ಒಂದು ರಾತ್ರಿ ಮಳೆ ಸುರಿದು ಚರಂಡಿ ದಡ ಮುಟ್ಟಿತು. ಬೆಳಿಗ್ಗೆ ಗಜಕಡ್ಡಿ ಇಸ್ತ್ರಿ ಮಾಡಿದ ಬಿಳಿ ಪ್ಯಾಂಟು ತೊಟ್ಟು ದಾಪುಗಾಲು ಹಾಕಿ ಬಂದ. ದೊಡ್ಡ ಮನೆಯ ಮದುವೆಯವರು ಬಟ್ಟೆಗೆ ಬರುವವರಿದ್ದರು. ಅಂಗಡಿಯ ಬೀಗದಕೈ ಅವನ ಜೇಬಿನಲ್ಲಿತ್ತು. ಅವನ ಬೆನ್ನಿಗೆ ಶಾಲೆಯ ಮೇಷ್ಟ್ರು, ಅವರ ಬೆನ್ನಿಗೆ ಆಸ್ಪತ್ರೆಯ ನರ್ಸಮ್ಮ. ಇತ್ತ ಹೊಲಿಗೆಯವಳ ಹಿಂದೆ ತಲೆಯ ಮೇಲೆ ಬುಟ್ಟಿ ಹೊತ್ತ ಮೊಟ್ಟೆ ಅಜ್ಜಿ.

ಹೊಲಿಗೆಯವಳು ನೀರು ನೋಡಿದಳು, ಬಿಳಿ ಪ್ಯಾಂಟು ನೋಡಿದಳು. ಮೂಟೆಯನ್ನು ದಾರಿಯ ನಟ್ಟನಡುವೆ ಇಳಿಸಿ ಅದರ ಮೇಲೆ ಕೂತುಬಿಟ್ಟಳು.

"ಏನಿದು? ಏಳಮ್ಮ."

"ಸುಸ್ತಾಯ್ತು ಯಜಮಾನ್ರೇ."

"ಅಂಗಡಿ ತೆಗೀಬೇಕು, ಏಳು ಅಂದ್ರೆ!"

"ನಾನು ಕದ್ದಿಲ್ಲ ಅಂತ ಹೇಳಿ. ಏಳ್ತೀನಿ."

ಗಜಕಡ್ಡಿ ಹಲ್ಲು ಕಡಿದ. ಮೂಟೆ ದಾಟಲು ಕಾಲೆತ್ತಿದವನು ಮೊಟ್ಟೆ ಅಜ್ಜಿಯ ಕಣ್ಣು ಕಂಡು ಇಳಿಸಿದ.

"ಹೇಳಿಬಿಡಿ ಸ್ವಾಮಿ, ನನ್ನ ಶಾಲೆ ಗಂಟೆ ಹೊಡೀತಾರೆ," ಎಂದರು ಮೇಷ್ಟ್ರು.

"ಒಂದು ಮಾತಿಗೆ ಬಾಯಿ ಸವೆಯುತ್ತಾ?" ಎಂದಳು ನರ್ಸಮ್ಮ.

ಅವನು ಗಂಟಲಲ್ಲೇ ಗೊಣಗಿದ. "ನೀನು ಕದ್ದಿಲ್ಲ."

"ನನಗೆ ಕಿವಿ ಮಂದ ಕಣಪ್ಪಾ," ಎಂದಳು ಅಜ್ಜಿ. "ಏನಂದೆ?"

ಅವನ ಮುಖ ಕೆಂಡವಾಯಿತು. "ಇವಳು ಕದ್ದಿಲ್ಲ ಅಂದೆ! ನನ್ನ ತಂಗಿ ಮಗ ತಗೊಂಡು ಹೋಗಿದ್ದ, ನನಗೆ ಅವತ್ತೇ ಗೊತ್ತಿತ್ತು. ಸಾಕಾ? ಮನೆ ಮಾನ ಮುಚ್ಚೋಕೆ ಯಾರದ್ದಾದ್ರೂ ಹೆಸರು ಹೇಳಬೇಕಿತ್ತು, ಹೇಳಿದೆ. ಈಗ ಏಳು!"

ತಂತಿಯಿಂದ ಹನಿಯೊಂದು ತೊಟ್ಟಿಕ್ಕಿತು.

"ನನ್ನ ಚೀಲ ಸುರಿಯೋ ಮೊದಲೇ ಗೊತ್ತಿತ್ತಾ?" ಎಂದು ಅವಳು ಕೇಳಿದಳು.

ಗಜಕಡ್ಡಿ ಬೇಲಿಯತ್ತ ನೋಡಿದ.

ಕದ್ದಿಲ್ಲ ಎಂಬ ಮಾತು ಅವನ ಬಾಯಿಂದ ಕಿವಿಗೆ ಬಿದ್ದ ಗಳಿಗೆ ಶಾಪ ಕಳೆದಂತೆ ತನ್ನ ಉರಿ ಆರುತ್ತದೆ ಎಂದು ಅವಳು ಎಷ್ಟು ಕನಸು ಕಂಡಿದ್ದಳು! ಅವನು ತಪ್ಪು ತಿಳಿದಿದ್ದ ಎಂದೇ ಇಷ್ಟು ದಿನ ನಂಬಿದ್ದಳು. ತಪ್ಪು ತಿಳಿದವನಿಗೆ ಕೆಸರು ಸಾಕಿತ್ತು. ಇವನು ತಿಳಿದೂ ತಿಳಿದೂ ಅವಳ ಹೆಸರಿನಿಂದ ತನ್ನ ಮನೆಯ ಕೊಳೆ ಒರೆಸಿಕೊಂಡವನು. ಆರಬೇಕಿದ್ದ ಬೆಂಕಿಗೆ ತುಪ್ಪ ಸುರಿದಂತಾಯಿತು.

ಅವಳು ಎದ್ದು ಮೂಟೆಯನ್ನು ತಲೆಗೇರಿಸಿದಳು. ಗಜಕಡ್ಡಿ ಉಸಿರು ಬಿಟ್ಟು, ಎಲ್ಲಿ ಕಾಲಿಡಲಿ ಎಂದು ಅಂಚು ಹುಡುಕುವಷ್ಟರಲ್ಲಿ, ಅವಳು ಅವನಿಗೆ ಬೆನ್ನು ತಿರುಗಿಸಿ ಕೆಳಗಿನ ಪೇಟೆಗೆ ಮುಖ ಮಾಡಿದಳು.

"ತಿರುಗಜ್ಜಿ."

"ನನ್ನ ಮೊಟ್ಟೆ ಮೇಲಿನ ಪೇಟೆಗೆ ಹೋಗ್ಬೇಕಲ್ಲೇ!"

"ಕೆಳಗಿನವರೂ ತಿಂತಾರೆ, ನಡಿ."

ಅಜ್ಜಿ ಒಂದು ಕ್ಷಣ ಲೆಕ್ಕ ಹಾಕಿ, ಬುಟ್ಟಿ ಸಮೇತ ಗಿರ್ರನೆ ತಿರುಗಿದಳು. ಇಂಥ ಆಟ ಬಿಟ್ಟು ಯಾವ ವ್ಯಾಪಾರ?

"ಎಲ್ಲಿಗೆ ಹೊರಟೆ?" ಎಂದ ಗಜಕಡ್ಡಿ.

"ನಿಮ್ಮ ಅಂಗಡಿಗೆ. ಮದುವೆಯವರು ಬಂದಿರ್ತಾರಲ್ಲ. ಈಗ ಹೇಳಿದ್ದನ್ನ ಆ ಕಟ್ಟೆ ಹತ್ರ ನಿಂತು ಹೇಳಿ, ತಂಗಿ ಮಗನ ಸಮೇತ."

"ಹೇಳದಿದ್ರೆ?"

"ನಮ್ಮ ಬಾಯಿಗೇನು ಬೀಗ ಬಿದ್ದಿದೆಯಾ?" ಎಂದರು ಮೇಷ್ಟ್ರು. ಶಾಲೆಯ ಗಂಟೆ ಅವರಿಗೆ ಮರೆತೇ ಹೋಗಿತ್ತು.

ಅವನು ಹಿಂದೆ ನೋಡಿದ. ಮೇಷ್ಟ್ರು, ನರ್ಸಮ್ಮ ಗೋಡೆಯಂತೆ ನಿಂತಿದ್ದರು. ಮುಂದೆ ಮೂಟೆ, ಅದನ್ನು ಹಿಂದೆ ಹಾಕುವಂತಿಲ್ಲ. ಹೊಲಿಗೆಯವಳು ನಡೆದಳು. ಹೆಜ್ಜೆಯ ಮೇಲೆ ಹೆಜ್ಜೆ ಇಡುತ್ತ, ಇಷ್ಟು ನಿಧಾನವಾಗಿ ಅವಳು ಹುಟ್ಟಿದ ಮೇಲೆ ನಡೆದಿರಲಿಲ್ಲ.

"ಸ್ವಲ್ಪ ಬೇಗ ನಡಿಯಮ್ಮ," ಎಂದು ಅವನು ಅಂಗಲಾಚಿದ.

"ಹೆಂಗಸು, ಯಜಮಾನ್ರೇ. ಅದರ ಮೇಲೆ ಜಾರು ನೆಲ."

ಕೊನೆಯ ತಿರುವಿನಲ್ಲಿ ಅಂಗಡಿ ಕಂಡಿತು. ಮುಚ್ಚಿದ ಬಾಗಿಲ ಮುಂದೆ ಮದುವೆಯವರು ಗುಂಪಾಗಿ ನಿಂತಿದ್ದರು.

"ನೋಡು, ಕೆಲಸ ವಾಪಸ್ ಕೊಡ್ತೀನಿ. ಅಲ್ಲಿ ಮಾತ್ರ ಬೇಡ," ಎಂದು ಗಜಕಡ್ಡಿ ಪಿಸುಗುಟ್ಟಿದ.

ಹೊಲಿಗೆಯವಳು ನಿಂತಳು. ಅವನ ಮುಖದಲ್ಲಿ ಆಸೆ ಚಿಗುರಿತು. ಆದರೆ ಅವಳು ಒಂದು ಕೈಯಲ್ಲಿ ಮೂಟೆ ಹಿಡಿದು, ಇನ್ನೊಂದರಿಂದ ಕೂದಲು ಸರಿಮಾಡಿಕೊಂಡು, ಅಲ್ಲಿದ್ದವರೆಲ್ಲ ಕತ್ತೆತ್ತಿ ಇತ್ತ ನೋಡುವವರೆಗೂ ಕಾದು, ಆಮೇಲೆ ಅಂಗಡಿಯತ್ತ ಹೆಜ್ಜೆ ಹಾಕಿದಳು.