ಎಡಗೆನ್ನೆಯ ಮೂರು ಗೆರೆ

ಮತ್ತೆ ನುಣ್ಣಗಾಯಿತು, ಈಗಷ್ಟೇ ಇತ್ತಲ್ಲ, ಅಮ್ಮನ ಎಡಗೆನ್ನೆಯ ಮೇಲಿನ ಮೂರು ಗೆರೆ, ಗುಂಡಿ ಒತ್ತಿದೊಡನೆ ಫೋನಿನಲ್ಲಿ ಇದ್ದ ಹಾಗೇ ಕಂಡಿತು, ಆಮೇಲೆ ಆ ಪುಟ್ಟ ಚಕ್ರ ಒಂದು ಸುತ್ತು ಸುತ್ತಿತು, ಗೆರೆ ಮಾಯ, ಎಪ್ಪತ್ತೊಂಬತ್ತರ ಮುದುಕಿಗೆ ಹಸುಗೂಸಿನ ಕೆನ್ನೆ — ಯಾರು ಕೇಳಿದ್ದರು ಇದನ್ನು, ಮುಖ ತಿದ್ದುವ ಆ ಸೌಲಭ್ಯವನ್ನು ನಿನ್ನೆಯೇ ಆಫ್ ಮಾಡಿದ್ದೆ, ಬೆಳಗಾಗುವಷ್ಟರಲ್ಲಿ ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಆಗಿ ಮತ್ತೆ ಶುರುಮಾಡಿಕೊಂಡಿದೆ, ಅದಕ್ಕೊಂದು ನೀತಿಯಾದರೂ ಇದೆಯೇ, ಮೊದಲ ಚಿತ್ರದಲ್ಲಿ ಒಂದು ಗೆರೆ ಉಳಿಸಿತು, ಎರಡನೆಯದರಲ್ಲಿ ಎರಡು, ಇದರಲ್ಲಿ ಒಂದೂ ಇಲ್ಲ, ಹಿಂದಿನ ಗೋಡೆಯ ಬಿರುಕು ಮಾತ್ರ ಭದ್ರವಾಗಿದೆ. ಇರಲಿ, ನಾನು ಕೊನಾಡು, ಸೋಲುವವಳಲ್ಲ, ಮೂವತ್ತು ವರ್ಷ ಕುಮಾಸಿ ಊರಿನ ಹೆಂಗಸರ ತಲೆಗೂದಲು ಹೆಣೆದು ಹದಕ್ಕೆ ತಂದ ಕೈ ಇದು, ಅಂಗೈಯಗಲದ ಗಾಜು ನನಗೆ ಯಾವ ಲೆಕ್ಕ. ಏನೇ, ಬಂತಾ, ಅಮ್ಮ ಕೇಳುತ್ತಾಳೆ, ಆಸ್ಪತ್ರೆಗೆಂದು ಉಟ್ಟ ನೀಲಿ ಬಟ್ಟೆಯಲ್ಲಿ ನೆಟ್ಟಗೆ ಕೂತು, ಬರ್ತಾ ಇದೆ ತಾಳಮ್ಮ, ಎಲ್ಲಿ ತೋರ್ಸು, ತೋರಿಸಬಾರದಿತ್ತು — ಇದ್ಯಾರೇ ಇವ್ಳು, ನಿಮ್ಮಪ್ಪನ ಎರಡನೇ ಹೆಂಡ್ತಿನಾ, ಎಂದು ನಕ್ಕಳು, ನಗು ಅಲ್ಲೇ ನಿಂತಿತು, ನನ್ ಗೆರೆ ಎಲ್ಲೇ.

ಆ ಗೆರೆಯ ಕಥೆ ಇಡೀ ಓಣಿಗೆ ಗೊತ್ತು, ಅಮ್ಮನಿಗಿಂತ ಮೊದಲು ಹುಟ್ಟಿದ ನಾಲ್ಕು ಕೂಸುಗಳನ್ನು ಸಾವು ಎತ್ತಿಕೊಂಡು ಹೋಗಿತ್ತು, ಐದನೆಯವಳು ಇವಳು, ಎಂಟನೇ ದಿನ ಅಜ್ಜಿ ತಾನೇ ಚಾಕು ಹಿಡಿದು ಕೆನ್ನೆ ಗೀರಿ, ಮಸಿ ತಿಕ್ಕಿ, ಸುಮಿನಾ ಎಂದು ಹೆಸರಿಟ್ಟಳು, ಅಂದರೆ ತಿಪ್ಪೆ, ತಿಪ್ಪೆಯನ್ನು ಸಾವು ಕೂಡ ಮುಟ್ಟುವುದಿಲ್ಲ, ಮುಟ್ಟಲಿಲ್ಲ, ಬದುಕಿದಳು, ಆರು ಹೆತ್ತಳು, ಸಂತೆಯಲ್ಲಿ ಒಣಮೀನು ಮಾರುತ್ತ ಚೌಕಾಸಿಗೆ ಬಂದವರ ನೀರಿಳಿಸಿದಳು, ನಾಳೆ ಅವಳ ಹೊಟ್ಟೆ ಕೊಯ್ದು ಗಡ್ಡೆ ತೆಗೆಯುತ್ತಾರೆ, ನಾನು ವಾಪಸ್ ಬರ್ದಿದ್ರೆ ಗೋಡೆಗೆ ಹಾಕೋಕೆ ಒಂದು ಫೋಟೋ ಇರ್ಲಿ ಎಂದು ಬೆಳಿಗ್ಗೆಯಿಂದ ಹಟ ಹಿಡಿದವಳು ಈಗ ಮೆಲ್ಲಗೆ ಹೇಳುತ್ತಾಳೆ, ಅಳಿಸೇ ಅದನ್ನ, ಇವತ್ತು ನನ್ನ ಚೆಂದ ಮಾಡ್ಬೇಡ, ಸಾವಿಗೆ ಇಷ್ಟ ಆಗ್ಬಿಟ್ರೆ. ಏನಾದ್ರೂ ಒದರ್‌ಬೇಡಮ್ಮ ಎಂದೆ, ಎಂದರೂ, ಹೌದು, ನನಗೂ ಹೆದರಿಕೆಯೇ. ಹೊರಗೆ ಟ್ಯಾಕ್ಸಿಯ ಹಾರ್ನ್, ಬಂದ್ವಪ್ಪಾ, ಇರು — ಚೀಲದಲ್ಲಿ ಹುಬ್ಬು ತಿದ್ದುವ ಕಪ್ಪು ಕಡ್ಡಿ ಇದೆ, ಎಷ್ಟು ಮದುವಣಗಿತ್ತಿಯರನ್ನು ಚೆಂದ ಮಾಡಿದ ಕಡ್ಡಿ, ಮುಖ ಈ ಕಡೆ ಮಾಡು, ಅಲ್ಲಾಡ್ಬೇಡ, ಹಳೆಯ ಗಾಯದ ಮೇಲೇ ಒಂದು ಎಳೆದೆ, ಅಮ್ಮ ಕಣ್ಣು ಮುಚ್ಚಿ ಎಂಟು ದಿನದ ಕೂಸಿನ ಹಾಗೆ ಕೆನ್ನೆ ಒಡ್ಡಿದಳು, ಎರಡು, ಅಜ್ಜಿಯ ಕೈ ನಡುಗಿತ್ತೋ ಏನೋ, ನನ್ನದು ನಡುಗುವುದಿಲ್ಲ, ಮೂರು, ದಪ್ಪಗೆ, ಕುರೂಪವಾಗಿ, ಯಾರೂ ಮೆಚ್ಚದ ಹಾಗೆ, ಗುಂಡಿ ಒತ್ತಿದೆ, ಚಕ್ರ ಸುತ್ತುತ್ತಿದೆ, ಸುತ್ತಲಿ, ನಾನು ಅದರ ಕಡೆ ನೋಡುವುದಿಲ್ಲ, ಕೆನ್ನೆಯನ್ನೇ ನೋಡುತ್ತಿದ್ದೇನೆ, ಅಮ್ಮ ಉಸಿರಾಡುತ್ತಿದ್ದಾಳೆ, ಉಸಿರಿನೊಡನೆ ಏಳುತ್ತವೆ, ಇಳಿಯುತ್ತವೆ, ಒಂದು, ಎರಡು, ಮೂರು ಗೆರೆ