ಹಗ್ಗದ ಮುಂದಿನ ತುದಿ

ಹುಲ್ಲು ಕತ್ತರಿಸುವ ಕೈಮಿಷನ್ನಿಗೆ ಇಬ್ಬರು ಬೇಕು. ಒಬ್ಬರು ಹಿಂದಿನಿಂದ ಹಿಡಿಕೆ ಹಿಡಿದು ತಳ್ಳಬೇಕು, ಇನ್ನೊಬ್ಬರು ಮುಂದೆ ಹಗ್ಗ ಎಳೆಯಬೇಕು. ಮಾದಿಹಳ್ಳಿಯ ಹೊನ್ನಯ್ಯ ತಳ್ಳುತ್ತಿದ್ದ. ಅವನ ಹೆಂಡತಿ ರುದ್ರಮ್ಮ ಎಳೆಯುತ್ತಿದ್ದಳು. 1986ರಿಂದ 1997ರ ಜೂನ್‌ವರೆಗೆ, ಹನ್ನೊಂದು ವರ್ಷ, ಹಳೇಬೀಡಿನ ಒಂದು ಲಾಡ್ಜಿನ ಹುಲ್ಲುಹಾಸು, ಬೇಲೂರಿನ ಎರಡು ಬಂಗಲೆಗಳ ಅಂಗಳ, ಅರಸೀಕೆರೆಯ ಒಂದು ಕ್ಲಬ್ಬಿನ ಮೈದಾನ ಇಬ್ಬರ ಗುತ್ತಿಗೆಯಲ್ಲಿದ್ದವು. ಮಿಷನ್ ಬಸ್ಸಿನ ಟಾಪಿನ ಮೇಲೆ ಹೋಗಿ ಬರುತ್ತಿತ್ತು.

ಆ ಜೂನ್‌ನಲ್ಲಿ ರುದ್ರಮ್ಮನಿಗೆ ಅರೇಹಳ್ಳಿಯ ಒಂದು ಹಾಸ್ಟೆಲಿನಲ್ಲಿ ಅಡುಗೆಯ ಕೆಲಸ ಸಿಕ್ಕಿತು. ಕಾಯಂ ಕೆಲಸ. ಅರ್ಜಿ ತುಂಬಿದವನು ಹೊನ್ನಯ್ಯನೇ. ಇರಲು ಅಲ್ಲೇ ಒಂದು ಕೋಣೆ ಕೊಟ್ಟರು. ತಿಂಗಳಿಗೊಮ್ಮೆ ಭಾನುವಾರ ಬರುತ್ತೇನೆ ಎಂದು ಹೋದವಳು ಮೊದಲ ಆರು ತಿಂಗಳು ಹಾಗೇ ಬಂದಳು. ಆಮೇಲೆ ಜೊತೆಯ ಅಡುಗೆಯವಳು ರಜೆ ಹಾಕಿದಳು, ಭಾನುವಾರಗಳು ತಪ್ಪತೊಡಗಿದವು.

ಹಗ್ಗಕ್ಕೆ ಊರಿನ ಕರಿಯಯ್ಯ ಬಂದ. ಗಟ್ಟಿ ಆಳು, ಹಗ್ಗ ಎಳೆದರೆ ಮಿಷನ್ ಓಡುತ್ತಿತ್ತು. ತೊಂದರೆ ಇದ್ದದ್ದು ನೆಲದಲ್ಲಿ. ಹಳೇಬೀಡಿನಲ್ಲಿ ಎಲ್ಲಿ ಅಗೆದರೂ ಕಲ್ಲು. ಲಾಡ್ಜಿನ ಹುಲ್ಲಿನ ಕೆಳಗೂ ಹಳೆಯ ಕಲ್ಲುಗಳಿದ್ದವು. ಪ್ರತಿ ಮಳೆಗಾಲದ ನಂತರ ಮಣ್ಣು ಕುಸಿದು ಒಂದೆರಡು ತಲೆ ಎತ್ತುತ್ತಿದ್ದವು. ರುದ್ರಮ್ಮ ಬರಿಗಾಲಲ್ಲಿ ಎಳೆಯುತ್ತಿದ್ದಳು. ಅಂಗಾಲಿಗೆ ಕಲ್ಲು ತಾಗಿದ ಕೂಡಲೇ, ತಿರುಗಿ ನೋಡದೆ, "ಎತ್ತಿ" ಎನ್ನುತ್ತಿದ್ದಳು. ಹೊನ್ನಯ್ಯ ಹಿಡಿಕೆ ಒತ್ತಿ ಬ್ಲೇಡನ್ನು ಮೇಲೆತ್ತಿ ದಾಟಿಸುತ್ತಿದ್ದ. ಹನ್ನೊಂದು ವರ್ಷ ಅವನು ನೋಡಿದ್ದು ಅವಳ ಬೆನ್ನು. ಕೇಳಿದ್ದು ಆ ಒಂದು ಮಾತು.

1998ರ ನವೆಂಬರಿನಲ್ಲಿ ಬ್ಲೇಡು ಮೂರನೇ ಸಲ ಕಲ್ಲಿಗೆ ಬಡಿಯಿತು.

"ಏನ್ಲಾ ಕರಿಯ, ಚಪ್ಪಲಿ ಬಿಚ್ಚು ಅಂತ ಎಷ್ಟು ಸಲ ಹೇಳ್ಲಿ?"

"ಮುಳ್ಳು ಚುಚ್ಚಿದ್ರೆ ನಿನ್ ಹೆಂಡ್ತಿ ಬಂದು ತೆಗೀತಾಳಾ, ಹೊನ್ನಣ್ಣ?"

ಹೊನ್ನಯ್ಯ ಮಿಷನ್ನನ್ನು ಮಗುಚಿ ಹಾಕಿದ. ಹಳೆಯ ಪೇಪರಿನ ಪಟ್ಟಿಯೊಂದನ್ನು ಬ್ಲೇಡಿನ ಬಾಯಿಗಿಟ್ಟು ಚಕ್ರ ತಿರುಗಿಸಿದ. ಹರಿತವಿದ್ದರೆ ಕತ್ತರಿಯಲ್ಲಿ ಕತ್ತರಿಸಿದಂತೆ ತುಂಡಾಗಬೇಕು. ಎಡಗಡೆ ತುಂಡಾಯಿತು. ನಡುವೆ ಮಡಚಿಕೊಂಡು ಹರಿಯಿತು.

ಲಾಡ್ಜಿನ ಮ್ಯಾನೇಜರ್ ಮಧುಕುಮಾರ್ ವರಾಂಡದಿಂದ ಇಳಿದು ಬಂದರು. "ನೋಡ್ರೀ ಹೊನ್ನಯ್ಯ, ಡಿಸೆಂಬರಿಂದ ಟೂರಿಸ್ಟ್ ಬಸ್ಸು ಶುರು. ನೀವು ಬ್ಲೇಡ್ ಹಿಡ್ಕೊಂಡು ಅರಸೀಕೆರೆ ಲೇತ್‌ಗೆ ಹೋಗಿ ಬರೋಷ್ಟರಲ್ಲಿ ಹುಲ್ಲು ಮೊಣಕಾಲಿಗೆ ಬಂದಿರುತ್ತೆ. ಇನ್ನೊಂದ್ಸಲ ಹಿಂಗಾದ್ರೆ ಹಾಸನದಿಂದ ಪೆಟ್ರೋಲ್ ಮಿಷನ್‌ನೋರನ್ನ ಕರೆಸ್ತೀನಿ. ಬೇಜಾರ್ ಮಾಡ್ಕೋಬೇಡಿ."

ಬ್ಲೇಡು ಸಾಣೆ ಹಿಡಿಸಿ ತಂದ ಮರುದಿನ ಹೊನ್ನಯ್ಯ ಬೇಲೂರಿನಲ್ಲಿ ಬಸ್ಸು ಬದಲಿಸಿ ಅರೇಹಳ್ಳಿಗೆ ಹೋದ. ಹಗ್ಗ ಹಿಡಿಯಲು ಮತ್ತೆ ಬಂದುಬಿಡು ಎಂದು ಕೇಳಬೇಕೆಂದಿದ್ದ. ರುದ್ರಮ್ಮ ಎಂಬತ್ತು ಮಕ್ಕಳಿಗೆ ಮುದ್ದೆ ಕಟ್ಟುತ್ತಿದ್ದಳು. ಗೋಡೆಯ ಮೇಲೆ ಹಾಜರಿ ಪುಸ್ತಕ ತೂಗುಹಾಕಿತ್ತು, ಅದರಲ್ಲಿ ಅವಳ ಸಹಿ ಇತ್ತು. ಸಹಿ ಮಾಡಲು ಕಲಿಸಿದ್ದೂ ಅವನೇ.

"ಊಟ ಮಾಡಿ ಮೊದ್ಲು. ಏನ್ ಇದ್ದಕ್ಕಿದ್ದಂಗೆ ಬಂದ್ರಿ?"

ಅವನು ಕೇಳಬೇಕೆಂದಿದ್ದನ್ನು ಕೇಳಲಿಲ್ಲ. "ಲಾಡ್ಜಲ್ಲಿ ಕಲ್ಲು ಎಲ್ಲೆಲ್ಲಿ ಅವೆ ಹೇಳು" ಎಂದ.

"ಬಾಯಲ್ಲಿ ಹೇಳಾಕಾಯ್ತದಾ? ಅದು ನನ್ ಕಾಲಿಗೆ ಗೊತ್ತು." ಅವಳು ನಕ್ಕಳು. "ಈ ಭಾನ್ವಾರ ಬತ್ತೀನಿ. ಸುಣ್ಣ ತಂದಿಡಿ. ಒಂದು ನೋಟ್‌ಬುಕ್ಕೂ ತನ್ನಿ. ಗೋಡೆಯಿಂದ ಎಷ್ಟು ಹೆಜ್ಜೆ ಅಂತ ಬರ್ಕಂಡ್ಬುಟ್ರೆ ಆಮ್ಯಾಕೆ ನಾನು ಬೇಕಾಗಾಕಿಲ್ಲ."

ಹೊನ್ನಯ್ಯ ತಟ್ಟೆ ನೋಡುತ್ತಾ ಉಂಡ.

ಭಾನುವಾರ ಹತ್ತು ಗಂಟೆಗೆ ರುದ್ರಮ್ಮ ಚಪ್ಪಲಿಯನ್ನು ಲಾಡ್ಜಿನ ಮೆಟ್ಟಿಲ ಬಳಿ ಬಿಟ್ಟು ಹುಲ್ಲಿಗೆ ಇಳಿದಳು. ಮಿಷನ್ ಹೋಗುವ ಹಾದಿಯಲ್ಲೇ, ಸಾಲು ಸಾಲಾಗಿ ನಡೆದಳು. ಕಾಲಿಗೆ ಕಲ್ಲು ತಾಗಿ ಅವಳು ನಿಂತಲ್ಲೆಲ್ಲ ಹೊನ್ನಯ್ಯ ಒಂದು ಹಿಡಿ ಸುಣ್ಣ ಚೆಲ್ಲಿದ.

"ಗೋಡೆಯಿಂದ ಹನ್ನೆಲ್ಡು, ಸಂಪಿಗೆ ಮರದಿಂದ ಏಳು. ಬರ್ಕಂಡ್ರಾ?"

"ಬರ್ಕಂಡೆ."

"ಇಲ್ಲೊಂದು ಹೊಸದು ಎದ್ದೈತೆ ನೋಡಿ. ನಾನಿದ್ದಾಗ ಇರ್ಲಿಲ್ಲ."

ಎರಡು ಗಂಟೆಯಲ್ಲಿ ಇಪ್ಪತ್ತಮೂರು ಕಡೆ ಸುಣ್ಣ ಬಿತ್ತು. ಈಶಾನ್ಯದ ಮೂಲೆ ಮುಗಿಯುವ ಮೊದಲೇ ಚೀಲ ಖಾಲಿಯಾಯಿತು.

"ಕೊಡಿ ಹಗ್ಗ, ಒಂದು ಸಾಲು ಎಳ್ದು ನೋಡ್ತೀನಿ" ಎಂದಳು. ಹಗ್ಗದ ಹಿಡಿಗೆ ಅವಳೇ ಸುತ್ತಿದ್ದ ಹಳೆಯ ಸೀರೆಯ ತುಂಡು ಹಾಗೇ ಇತ್ತು. "ಇದ್ಯಾಕೆ ಇನ್ನೂ ಮಡಗಿದ್ದೀರಿ? ಕರಿಯಣ್ಣನ ಕೈಗೆ ಸೀರೆ ಬೇಕಾ?"

"ಬಿಚ್ಚಾಕೆ ಪುರುಸೊತ್ತಾಗ್ಲಿಲ್ಲ" ಎಂದ ಹೊನ್ನಯ್ಯ. ಹದಿನೇಳು ತಿಂಗಳಾಗಿತ್ತು. ಕರಿಯಯ್ಯನಿಗೆ ಅವನು ಬೇರೆ ಹಗ್ಗ ಕೊಟ್ಟಿದ್ದ.

ಅವಳು ಎಳೆದಳು, ಅವನು ತಳ್ಳಿದ. ಹಾಸ್ಟೆಲಿನ ಊಟಕ್ಕೆ ಅವಳ ಬೆನ್ನು ಸ್ವಲ್ಪ ಅಗಲವಾಗಿತ್ತು. ನಡಿಗೆ ಮಾತ್ರ ಅದೇ. ಸಾಲಿನ ನಡುವೆ ಅವಳು "ಎತ್ತಿ" ಎಂದಳು. ಸುಣ್ಣದ ಗುರುತು ಕಣ್ಣೆದುರಿಗೇ ಇತ್ತು. ಆದರೂ ಅವನು ಆ ಮಾತು ಬರುವವರೆಗೆ ಕಾದೇ ಹಿಡಿಕೆ ಒತ್ತಿದ. ಸಾಲು ಮುಗಿದ ಮೇಲೆ ಅವಳು ಹಗ್ಗ ಸುತ್ತಿ ಮಿಷನ್ನಿನ ಮೇಲಿಟ್ಟಳು. ಇನ್ನೊಂದು ಸಾಲು ಎಂದು ಅವನು ಹೇಳಲಿಲ್ಲ, ಎರಡೂವರೆಗೆ ಬಸ್ಸಿತ್ತು.

ಬಸ್ ನಿಲ್ದಾಣದಲ್ಲಿ ರುದ್ರಮ್ಮ ಕೈ ಚಾಚಿದಳು. "ಬುಕ್ ಕೊಡಿ ನೋಡಾಣ. ಲೆಕ್ಕ ಸರಿಯಾಗಿ ಹಾಕಿದ್ದೀರೋ ಇಲ್ವೋ."

"ಲಾಡ್ಜಲ್ಲೇ ಬುಟ್ಟು ಬಂದೆ."

ನೋಟ್‌ಬುಕ್ಕು ಅವನ ಅಂಗಿಯ ಜೇಬಿನಿಂದ ಅರ್ಧ ಹೊರಗೆ ಕಾಣುತ್ತಿತ್ತು. ಅದರಲ್ಲಿ ಏನೂ ಬರೆದಿರಲಿಲ್ಲ. ಬೆಳಗಿನಿಂದ ಅವನು ಪೆನ್ಸಿಲ್ ಆಡಿಸಿದ್ದಷ್ಟೇ. ರುದ್ರಮ್ಮ ಜೇಬು ನೋಡಿದಳು.

"ಸುಣ್ಣ ನಿಲ್ಲಾಕಿಲ್ಲ. ಎಲ್ಡು ಸಲ ಕುಯ್ದ್ರೆ ಹುಲ್ಲಿನ ಜೊತೆ ಹೋಗ್ಬುಡ್ತದೆ."

"ಹೂಂ."

ಬಸ್ಸು ಬಂತು. ಅವಳು ಹತ್ತಿ ಕಿಟಕಿಯ ಬಳಿ ಕೂತಳು. ಕಂಡಕ್ಟರ್ ಸೀಟಿ ಊದುವಾಗ ತಲೆ ಹೊರಗೆ ಹಾಕಿ ಹೇಳಿದಳು: "ಮುಂದಿನ ತಿಂಗ್ಳು ಸುಣ್ಣ ಜಾಸ್ತಿ ತಂದಿಡಿ. ಆ ಮೂಲೆಗೆ ಸಾಲ್ಲಿಲ್ಲ."

ಸೋಮವಾರ ಹೊನ್ನಯ್ಯನೂ ಕರಿಯಯ್ಯನೂ ಮೂಲೆಯೊಂದನ್ನು ಬಿಟ್ಟು ಉಳಿದ ಹುಲ್ಲನ್ನೆಲ್ಲ ಕೊಯ್ದರು. ಬ್ಲೇಡು ಎಲ್ಲೂ ಬಡಿಯಲಿಲ್ಲ. ಬುಟ್ಟಿಗೆ ಬಿದ್ದ ಹುಲ್ಲಿನಲ್ಲಿ ಅಲ್ಲಲ್ಲಿ ತುದಿ ಬೆಳ್ಳಗಿತ್ತು. ಮೂಲೆ ಯಾವಾಗ ಎಂದು ಮಧುಕುಮಾರ್ ಕೇಳಿದರು. ಡಿಸೆಂಬರಿನ ಮೊದಲ ಭಾನುವಾರ ಎಂದು ಹೊನ್ನಯ್ಯ ಹೇಳಿದ.