ಕಲ್ಲು ತಾನೇ

ಲಿಫ್ಟು ಮೂರನೇ ಮಹಡಿಯಲ್ಲಿ ನಿಂತು ಬಾಗಿಲು ತೆರೆಯುವಷ್ಟರಲ್ಲಿ ಪಂಢರಿನಾಥ ರಾಯರ ಅಂಗೈ ಮುಂದೆ ನಿಂತಿದ್ದ ನಿವೃತ್ತ ಜಡ್ಜರ ಬೋಳುತಲೆಯ ಮೇಲೆ ಇಳಿದೇಬಿಟ್ಟಿತ್ತು. ಇಳಿದು ಸುಮ್ಮನಿರಲಿಲ್ಲ. ಹಣೆಯಿಂದ ಹಿಂದಲೆಯವರೆಗೆ ಒಮ್ಮೆ ನುಣ್ಣಗೆ ಹೋಗಿ, ಎಡಗಿವಿಯ ಮೇಲ್ಭಾಗದಲ್ಲಿ ತುಸು ತಡೆಯಿತು. "ಇಲ್ಲೊಂದಿಷ್ಟು ಉಬ್ಬಿದೆ, ಬಾಕಿ ಎಲ್ಲಾ ಲೆವೆಲ್" ಎಂದು ರಾಯರು ತೀರ್ಪನ್ನೂ ಕೊಟ್ಟರು. ಜಡ್ಜರು ತಮ್ಮ ಸರ್ವೀಸಿನಲ್ಲಿ ಒಂದು ರೈಲು ತುಂಬುವಷ್ಟು ಕೊಲೆಗಾರರನ್ನು ಕಂಡವರು. ಹೆದರಿ ಮೆಟ್ಟಿಲು ಹಿಡಿದದ್ದು ಮಾತ್ರ ಅಂದೇ ಮೊದಲು.

ಸಂಜೆಗೆ ದೂರು ರಾಯರ ಮಗಳು ಶ್ರೀವಿದ್ಯಾಳ ಕಿವಿ ಮುಟ್ಟಿತು. ಅವಳಿಗೆ ಇದು ಹೊಸದಲ್ಲ. ಅಪ್ಪ ಮದರಾಸಿನ ಉತ್ತರ ತುದಿಯ ತಿರುವೊಟ್ಟಿಯೂರು ಬಿಟ್ಟು ಅಡ್ಯಾರಿನ ತನ್ನ ಫ್ಲ್ಯಾಟಿಗೆ ಬಂದಾಗಿನಿಂದ ಅವರ ಬಲ ಅಂಗೈ ಒಂದು ಕಡೆ ನಿಂತದ್ದನ್ನು ಅವಳು ನೋಡಿರಲಿಲ್ಲ. ಅಡಿಗೆಮನೆಯ ಗ್ರಾನೈಟು, ಫ್ರಿಜ್ಜಿನ ಬಾಗಿಲು, ಟೀವಿಯ ಗಾಜು, ಯಾವುದನ್ನೂ ಅದು ಬಿಡುತ್ತಿರಲಿಲ್ಲ. ರಾಯರು ವಾಕಿಂಗ್ ಹೋದ ಬೀದಿಯಲ್ಲಿ ನಿಂತ ಕಾರುಗಳನ್ನು ಬೇರೆ ಯಾರೂ ಒರೆಸಬೇಕಾಗಿರಲಿಲ್ಲ. ಊಟಕ್ಕೆ ಕೂತರೆ ಎಡೆ ಬಡಿಸುವ ಮುಂಚೆ ಬಾಳೆಲೆಯ ಮೇಲೂ ಒಂದು ಸುತ್ತು ಹೋಗಿ ಬರುತ್ತಿತ್ತು, ಎಲೆಯೂ ತಿದ್ದಿಕೊಳ್ಳಬೇಕು ಎಂಬಂತೆ.

ಅದು ಯಂತ್ರದ ಪಕ್ಕದಲ್ಲಿ ವಯಸ್ಸು ಕಳೆದ ಕೈ. ತಿರುವೊಟ್ಟಿಯೂರಿನಲ್ಲಿ, ಸಮುದ್ರದ ಗಾಳಿ ನೇರ ನುಗ್ಗುವ ಒಂದು ತಗಡಿನ ಶೆಡ್ಡಿನಲ್ಲಿ, ರಾಯರದ್ದೊಂದು ಸ್ಲೇಟು ಹೆರೆಯುವ ಯಂತ್ರವಿತ್ತು. ಒರಟು ಕಲ್ಲಿನ ಬಿಲ್ಲೆಯನ್ನು ಅದರ ಉದ್ದನೆಯ ಹಾಸಿನ ಮೇಲೆ ಬಿಗಿದು ಮೋಟಾರು ಹಾಕಿದರೆ ಹಾಸು ಹಿಂದೆ ಮುಂದೆ ಓಡುತ್ತಿತ್ತು, ಮೇಲಿನ ಅಲಗು ಕಲ್ಲಿನ ಮೈಯನ್ನು ಪದರ ಪದರವಾಗಿ ಹೆರೆಯುತ್ತಿತ್ತು. ಆಮೇಲೆ ಒದ್ದೆ ಮರಳಿನ ಉರುಳೆ ಅದನ್ನು ನುಣುಪು ಮಾಡುತ್ತಿತ್ತು. ಆ ಯಂತ್ರ ಸ್ಲೇಟನ್ನು ಎಷ್ಟು ತೆಳ್ಳಗೆ ಹೆರೆಯುತ್ತಿತ್ತೆಂದರೆ, ಹಿಂದೆ ಪಂಚಾಂಗ ಹಿಡಿದರೆ ಏಕಾದಶಿ ಯಾವತ್ತು ಅಂತ ಈಚೆಯಿಂದಲೇ ಓದಬಹುದಿತ್ತು. ಎಷ್ಟು ನುಣುಪೆಂದರೆ, ಅದರ ಮೇಲೆ ಕೂತ ನೊಣ ಜಾರಿ ಬಿದ್ದು ಕಾಲು ಮುರಿದುಕೊಂಡು ಕುಂಟುತ್ತ ಹೋದದ್ದನ್ನು ಕಂಡವರಿದ್ದಾರೆ. ಬಾಗಿಲ ಮೇಲೆ 'ಶೇವಿಂಗ್ ಮೆಷಿನ್' ಅಂತ ಬರೆದಿದ್ದರಿಂದ ಗಡ್ಡಕ್ಕೆ ಸೋಪು ಬಳಿದುಕೊಂಡೇ ಒಳಗೆ ಬಂದವರೂ ಉಂಟು.

ಶಾಲೆಯ ಮಕ್ಕಳು ಸ್ಲೇಟು ಬಿಟ್ಟರು. ಯಂತ್ರ ನಿಂತಿತು. ರಾಯರು ಮಾತ್ರ ನಿಲ್ಲಲಿಲ್ಲ. ಮಗಳು ಆಫೀಸಿಗೆ ಹೊರಟ ಕೂಡಲೇ ಎಣ್ಣೆಯ ಬಾಟಲಿ ಚೀಲದಲ್ಲಿಟ್ಟುಕೊಂಡು, ಬಸ್ಸು ಬದಲಿಸಿ ಬದಲಿಸಿ ಊರಿನ ಈ ತುದಿಯಿಂದ ಆ ತುದಿಗೆ ಹೋಗುವುದು, ಓಡದ ಯಂತ್ರಕ್ಕೆ ಎಣ್ಣೆ ಹಾಕುವುದು, ಅವಳು ಬರುವ ಮುಂಚೆ ಏನೂ ಗೊತ್ತಿಲ್ಲದವರ ಹಾಗೆ ಸೋಫಾದಲ್ಲಿ ಕೂತಿರುವುದು. ಹೀಗೆ ಒಂದು ಸಲ ಬಿಸಿಲಿಗೆ ಬಸ್ಸಿನಲ್ಲೇ ತಲೆ ತಿರುಗಿ ಬಿದ್ದರು. ಯಾರೋ ಹೂ ಮಾರುವ ಹೆಂಗಸು ಆಟೋದಲ್ಲಿ ಮನೆ ಮುಟ್ಟಿಸಿದಳು. ಬಿದ್ದದ್ದು ತಾನಲ್ಲ, ಬಸ್ಸೇ ವಾಲಿದ್ದು ಎಂದು ರಾಯರು ಈಗಲೂ ವಾದಿಸುತ್ತಾರೆ.

"ಓಡದ ಮೆಷಿನ್‌ಗೆ ಎದುಕ್ಕಪ್ಪಾ ಎಣ್ಣೆ?" ಎಂದಳು ಶ್ರೀವಿದ್ಯಾ, ತಮಿಳು ಬೆರೆತ ತನ್ನ ಮದರಾಸಿನ ಕನ್ನಡದಲ್ಲಿ. ಹಳೇ ಕಬ್ಬಿಣದವನಿಗೆ ಶನಿವಾರ ಬರಲು ಹೇಳಿಯಾಗಿತ್ತು. ರಾಯರು ಜಗಳವಾಡಿದರು, ಊಟ ಬಿಟ್ಟರು, ಒಂದು ಹೊತ್ತು ಬಿಟ್ಟ ಊಟವನ್ನು ಇನ್ನೊಂದು ಹೊತ್ತಿಗೆ ಸೇರಿಸಿ ಉಂಡರು. ಕೊನೆಗೆ ಇಬ್ಬರ ನಡುವೆ ಒಂದು ಒಪ್ಪಂದವಾಯಿತು. ಶನಿವಾರದೊಳಗೆ ಯಾರಾದರೂ ತಾವಾಗಿ ಒಂದು ಕಲ್ಲು ತಂದು ಹೆರೆದು ಕೊಡಿ ಎಂದು ಕೇಳಿದರೆ ಯಂತ್ರ ಉಳಿಯುತ್ತದೆ. ಇಲ್ಲದಿದ್ದರೆ ಇಲ್ಲ.

ರಾಯರು ಕಲ್ಲು ಹುಡುಕಿದ್ದನ್ನು ನೋಡಬೇಕಿತ್ತು. ಗೋರಿ ಕೆತ್ತುವವರನ್ನು ಕೇಳಿದರು, ಟಿ. ನಗರದ ಸೀರೆ ಅಂಗಡಿಗೆ ಹೋಗಿ ನೆಲ ಹೆರೆಸುತ್ತೀರಾ ಎಂದು ಕೇಳಿದರು, ಹಲ್ಲಿನ ಡಾಕ್ಟರನ್ನೂ ಬಿಡಲಿಲ್ಲ. ಗುರುವಾರ ಸಂಜೆ ಕಾಲು ಸೋತು, ಫ್ಲ್ಯಾಟಿನ ಎದುರಿನ ಜಯಪ್ರಕಾಶ ಭಟ್ಟರ ಹೋಟೆಲಿನಲ್ಲಿ ಕಾಫಿಗೆ ಕೂತರು. ಅಂಗೈ ಮೇಜಿನ ಅಮೃತಶಿಲೆಯ ಮೇಲೆ ತನ್ನ ಪಾಡಿಗೆ ಓಡುತ್ತಿತ್ತು.

ಭಟ್ಟರು ಉಡುಪಿ ಕಡೆಯವರು. ಅಂದು ಗಲ್ಲಾದಲ್ಲಿ ತಲೆಗೆ ಕೈ ಹೊತ್ತು ಕೂತಿದ್ದರು. ಅವರ ಕಲ್ಲು ಕೈಕೊಟ್ಟಿತ್ತು. ಕಲ್ಲು ಎಂದರೆ ದೋಸೆಯ ಕಲ್ಲು. ಊರಿನಲ್ಲಿ ಭಟ್ಟರ ತಾಯಿ ಅದನ್ನು ಕಾವಲಿ ಎನ್ನುತ್ತಿದ್ದರು. ಈ ಊರಿಗೆ ಬಂದ ಮೇಲೆ ತಮಿಳರ ಬಾಯಲ್ಲಿ ಅದು ಕಲ್ಲಾಗಿ, ಅಪ್ಪಟ ಕಬ್ಬಿಣವಾಗಿದ್ದರೂ ಕಲ್ಲಾಗಿಯೇ ಉಳಿಯಿತು. ಹೋಟೆಲಿನವರಿಗೆ ಉಸಿರಾಡಲೂ ಪುರುಸೊತ್ತಿಲ್ಲದ್ದರಿಂದ ಮುಂದಿನ 'ದೋಸೆ' ಉದುರಿಹೋಗಿ ಬರೀ ಕಲ್ಲು ಎಂದಷ್ಟೇ ಆಗಿತ್ತು. ರಾಯರಿಗೂ ಮನೆಯಲ್ಲಿ ದೋಸೆಕಲ್ಲು ಎಂದರೆ ಏನೆಂದು ಚೆನ್ನಾಗಿ ಗೊತ್ತು. ಆದರೆ ಬರೀ ಕಲ್ಲು ಎಂದರೆ ಅವರಿಗೆ ಈ ಲೋಕದಲ್ಲಿ ಒಂದೇ ಅರ್ಥ.

"ಎಂತ ಹೇಳುದು ಮಾರಾಯ್ರೆ," ಎಂದರು ಭಟ್ಟರು. "ನಮ್ಮ ಕಲ್ಲು ಹೋಯ್ತು. ನಡುವಲ್ಲಿ ಗುಂಡಿ. ಇದನ್ನು ಸಮ ಮಾಡಿಸದಿದ್ರೆ ಊರಿಗೆ ಹೋಗ್ತೇನೆ ಅಂತ ಸಂತೋಷ ಗಂಟುಮೂಟೆ ಕಟ್ಟಿದ್ದಾನೆ."

ಸಂತೋಷ್ ಅಲ್ಲಿಯ ಅಡಿಗೆಯವನು. ಅವನು ಯಾರು, ಅವನಿಗೂ ಕಲ್ಲಿಗೂ ಏನು ಸಂಬಂಧ ಎಂದು ರಾಯರು ಕೇಳಲಿಲ್ಲ. ಅವರ ಅಂಗೈ ಕಾಫಿ ಲೋಟಕ್ಕೆ ಬಡಿದು ಲೋಟ ಉರುಳಿತು.

"ಕಲ್ಲಾ? ಎಷ್ಟು ಉದ್ದ?"

"ನಾಲ್ಕಡಿ, ಅಗಲ ಮೂರು. ಒಂದಿಂಚು ದಪ್ಪ."

"ಕಪ್ಪು ತಾನೆ?"

"ಕಪ್ಪಲ್ಲದೆ ಬಿಳಿ ಇರ್ತದಾ?"

"ಎಲ್ಲೀದು?"

"ಸೇಲಂದು. ಅಪ್ಪಯ್ಯ ಇರುವಾಗ ತರಿಸಿದ್ದು."

ಸೇಲಂನಲ್ಲಿ ಸ್ಲೇಟು ಸಿಗುವ ವಿಷಯ ರಾಯರು ಕೇಳಿರಲಿಲ್ಲ. ಆದರೆ ಆ ಹೊತ್ತಿನಲ್ಲಿ ಚಂದ್ರನಲ್ಲಿ ಸಿಕ್ಕಿತು ಎಂದಿದ್ದರೂ ಒಪ್ಪುತ್ತಿದ್ದರು. "ಎಣ್ಣೆ ಕುಡಿಸ್ತೀರೋ?" ಎಂದರು. ಕಪ್ಪು ಕಲ್ಲಿಗೆ ಆಗಾಗ ಎಣ್ಣೆ ಒರೆಸಬೇಕೆಂಬುದು ಅವರ ಕಸಬಿನ ಮಾತು.

"ದಿನಾ ಕುಡಿತದೆ ಮಾರಾಯ್ರೆ, ನಾನು ನೀರು ಕುಡಿದದ್ದಕ್ಕಿಂತ ಜಾಸ್ತಿ."

ರಾಯರು ಎದ್ದು ನಿಂತರು. ಆಮೇಲೆ ಅವರು ಹೇಳಿದ್ದನ್ನು ಹೋಟೆಲಿನಲ್ಲಿ ಕೂತ ಅಷ್ಟೂ ಜನ ಕೇಳಿದರು. ತನ್ನ ಯಂತ್ರ ಕಲ್ಲಿಗೆಂದೇ ಹುಟ್ಟಿದ್ದು, ಭಟ್ಟರ ಕಲ್ಲನ್ನು ಕನ್ನಡಿ ಮಾಡಿ ಕೊಡುತ್ತದೆ, ಅದರಲ್ಲಿ ಮುಖ ನೋಡಿಕೊಂಡು ಭಟ್ಟರು ಗಂಧ ಹಚ್ಚಿಕೊಳ್ಳಬಹುದು. ಭಟ್ಟರು ಅದು ಹೇಗೆ ಕೆಲಸ ಮಾಡುತ್ತದೆ ಎಂದು ವಿಚಾರಿಸಿ, ಹಾಗಾದರೆ ಒಂದು ದೊಡ್ಡ ಹೆರೆಮಣೆ ಅನ್ನಿ, ಶನಿವಾರ ತರುತ್ತೇನೆ, ಹೆರೆದು ಕೊಡಿ, ಎಂದರು. ತೆಂಗಿನಕಾಯಿಯ ಹೆರೆಮಣೆಗೆ ಹೋಲಿಸಿದ್ದಕ್ಕೆ ಬೇರೆ ದಿನವಾಗಿದ್ದರೆ ರಾಯರು ಆ ಹೋಟೆಲಿನ ಮೆಟ್ಟಿಲು ಮತ್ತೆ ಹತ್ತುತ್ತಿರಲಿಲ್ಲ.

ಶನಿವಾರ ಬೆಳಿಗ್ಗೆ ಶೆಡ್ಡಿನ ಮುಂದೆ ಮೊದಲು ಬಂದವನು ಹಳೇ ಕಬ್ಬಿಣದವನು. ಕೊರಳಲ್ಲಿ ದಾರ ಕಟ್ಟಿದ ಒಂದು ಆಯಸ್ಕಾಂತ ತೂಗುತ್ತಿತ್ತು; ಕಬ್ಬಿಣ ಯಾವುದು, ಹಿತ್ತಾಳೆ ಯಾವುದು ಎಂದು ನೋಡಲು. ಶ್ರೀವಿದ್ಯಾ ಅವನನ್ನು ಹೊರಗೇ ನಿಲ್ಲಿಸಿದ್ದಳು. ಅಪ್ಪ ಮೂರು ಸಲ ಬಾಗಿಲವರೆಗೆ ಹೋಗಿ ಬಂದರು, ಬೆಲ್ಟು ಮುಟ್ಟಿದರು, ಅಲಗನ್ನು ಶಾಲಿನಿಂದ ಒರೆಸಿದರು, ಮತ್ತೆ ಬಾಗಿಲಿಗೆ ಹೋದರು. ಗಾಳಿಗೆ ತಗಡು ಬಡಿದುಕೊಂಡರೂ ಟೆಂಪೋ ಬಂತು ಎನ್ನುತ್ತಿದ್ದರು.

ಟೆಂಪೋ ಬಂದಾಗ ಅದರ ಹಿಂದೆ ಗೋಣಿ ಹೊದ್ದ ಒಂದು ಭಾರ, ಅದರ ಪಕ್ಕದಲ್ಲಿ ಸಂತೋಷ್, ಮುಂದೆ ಭಟ್ಟರು. ಇಳಿಸಲು ನಾಲ್ಕು ಹಮಾಲರು ಬೇಕಾದರು. ಅವರ ನರಳಾಟ ಮದರಾಸು ಬಂದರಿನವರೆಗೆ ಕೇಳಿಸಿರಬೇಕು. ಹಾಸಿನ ಮೇಲೆ ಇಟ್ಟು ಗೋಣಿ ಸರಿಸುವ ಮುಂಚೆಯೇ ರಾಯರ ಅಂಗೈ ಅದರಡಿಗೆ ನುಗ್ಗಿತು. ನುಗ್ಗಿದ್ದು ಅಲ್ಲೇ ನಿಂತಿತು.

ಹಳೇ ಕಬ್ಬಿಣದವನು ಇದೂ ತನ್ನ ಪಾಲಿನದೇ ಇರಬೇಕೆಂದು ಒಳಗೆ ಬಂದು ಬಗ್ಗಿದ. ಕೊರಳಿನ ಆಯಸ್ಕಾಂತ ಟಕ್ಕೆಂದು ಕಲ್ಲಿಗೆ ಕಚ್ಚಿಕೊಂಡಿತು. "ಇದುವುಂ ಸೇರ್ತ್ತಾ ಸಾರ್?" ಎಂದ ಬಗ್ಗಿದಲ್ಲಿಂದಲೇ, ಇದನ್ನೂ ಸೇರಿಸಿಯೇ ಎಂದು.

ಭಟ್ಟರು ರಾಯರನ್ನು ನೋಡಿದರು, ಯಂತ್ರವನ್ನು ನೋಡಿದರು. ಮೂಲೆಯಲ್ಲಿ ಪೇರಿಸಿಟ್ಟಿದ್ದ ಸ್ಲೇಟುಗಳನ್ನು ನೋಡಿದಾಗ ಅವರಿಗೆ ವಿಷಯ ಅರ್ಥವಾಯಿತು. ಹೋಟೆಲು ಮುಚ್ಚಿ ಬಂದಿದ್ದೇನಲ್ಲ ಎಂದು ಗೊಣಗಿದರು. ಹೇಳಿದೆನಲ್ಲ, ಊರಿನ ಬಸ್ಸಿಗೆ ಸೀಟು ಹಿಡಿಯುತ್ತೇನೆ ಎಂದ ಸಂತೋಷ್.

ಶ್ರೀವಿದ್ಯಾಳಿಗೆ ನಗು ಬಂದಿತ್ತು. ಇಡೀ ತಿಂಗಳ ಜಗಳ ತಾನಾಗಿ ಮುಗಿದಿತ್ತು, ಬಾಯಿ ತೆರೆಯುವ ಅಗತ್ಯವೂ ಇರಲಿಲ್ಲ. ಆದರೆ ಅವಳ ಕಣ್ಣು ಗೋಣಿಯ ಅಂಚಿಗೆ ಹೋಯಿತು. ಅಪ್ಪನ ಕೈ ಅಲ್ಲೇ ಇತ್ತು. ಉಜ್ಜುತ್ತಿರಲಿಲ್ಲ, ತಡಕುತ್ತಿರಲಿಲ್ಲ. ಬಿಚ್ಚಿಟ್ಟ ಕೈಗವಸಿನ ಹಾಗೆ ಬಿದ್ದಿತ್ತು. ಆ ಕೈ ನಿಲ್ಲಲಿ ಎಂದು ಅವಳು ಎಷ್ಟು ಬೇಡಿಕೊಂಡಿದ್ದಳೋ, ನಿಂತದ್ದನ್ನು ಈಗ ನೋಡಲಾಗಲಿಲ್ಲ.

"ಊರೆಲ್ಲ ಇದನ್ನ ಕಲ್ಲುನ್ನು ತಾನೇ ಸೊಲ್ಲೋದು," ಎಂದಳು. "ಕಲ್ಲು ತಾನೇ ಅಪ್ಪಾ. ಮೆಷಿನ್ ಹಾಕಿ."

ರಾಯರು ಅವಳ ಮುಖ ನೋಡಿದರು. "ಅಲಗು ಹೋಗತ್ತಮ್ಮ. ಇದು ಬೇರೆ ಸಿಗಲ್ಲ."

"ಮೇಲೆ ಮೇಲೆ ಹೆರೀರಿ. ನೀವು ನೊಣದ ಕಾಲು ಮುರಿದವರಲ್ಲವಾ?"

ರಾಯರು ಪಂಚೆ ಎತ್ತಿ ಕಟ್ಟಿದರು. ಆಯಸ್ಕಾಂತವನ್ನು ಕಿತ್ತು ಅದರ ಒಡೆಯನ ಕೈಗೆ ಕೊಟ್ಟರು. ಕಲ್ಲನ್ನು ಬಿಗಿದು, ಅಲಗನ್ನು ಕೂದಲೆಳೆಯಷ್ಟು ಇಳಿಸಿ, ಸ್ವಿಚ್ಚು ಒತ್ತಿದರು. ಬೆಲ್ಟು ಒಮ್ಮೆ ಕೆಮ್ಮಿತು. ಶೆಡ್ಡಿನ ತಗಡು, ಭಟ್ಟರ ಹೊಟ್ಟೆ, ಬೀದಿಯಾಚೆಯ ಮೀನಿನ ಬುಟ್ಟಿಗಳು, ತಿರುವೊಟ್ಟಿಯೂರಿನ ಅರ್ಧ ಸಮುದ್ರ, ಎಲ್ಲವೂ ಒಟ್ಟಿಗೆ ನಡುಗಿದವು.

ಮೊದಲ ಓಟದಲ್ಲೇ ಅಲಗಿನ ಮುಂದೆ ಕಪ್ಪು ಚೂರು ಏಳತೊಡಗಿತು. ಥೇಟು ಸ್ಲೇಟಿನ ಹೆರಕಲು, ಹಾಗೇ ಪದರ ಪದರ. ಅದು ಭಟ್ಟರ ಅಪ್ಪಯ್ಯನ ಕಾಲದಿಂದ ಕಲ್ಲಿನ ಅಂಚುಗಳಲ್ಲಿ ಸುಟ್ಟು ಗಟ್ಟಿಯಾದ ಎಣ್ಣೆ. ಅದರ ಜೊತೆ ಎದ್ದ ವಾಸನೆಗೆ ಬೀದಿಯ ನಾಯಿಗಳೆಲ್ಲ ಬಂದು ಬಾಗಿಲಲ್ಲಿ ಸಾಲಾಗಿ ಕೂತವು. ಹಾಸು ಹೋಗಿ ಬರುತ್ತಿದ್ದಂತೆ ಸಂತೋಷ್ ಮೊದಲು ಬಗ್ಗಿದ, ಆಮೇಲೆ ಮೊಣಕಾಲೂರಿದ, ಆಮೇಲೆ ಕೆನ್ನೆಯನ್ನೇ ಕಲ್ಲಿನ ಮಟ್ಟಕ್ಕೆ ತಂದು ಒಂದು ಕಣ್ಣು ಮುಚ್ಚಿದ.

"ಭಟ್ರೇ, ಗುಂಡಿ ಇಲ್ಲ," ಎಂದ. "ನಡು ತಗ್ಗಿದ್ದಲ್ಲ. ಸುತ್ತ ಬೆಳೆದದ್ದು."

ನಡುವಿನ ಜಾಗವನ್ನು ದಿನವೂ ದೋಸೆ ಮಗುಚುವ ಸಟ್ಟುಗದಲ್ಲಿ ಹೆರೆದು, ಅಂಚನ್ನು ಯಾರೂ ಮುಟ್ಟದೆ ಬಿಟ್ಟಿದ್ದರು. ಭಟ್ಟರಿಗೆ ಇಷ್ಟೇ ಸಾಕಾಗಿತ್ತು. ಸಾಕು ಮಾರಾಯ್ರೆ ಎಂದು ಕೈಮುಗಿದೇಬಿಟ್ಟರು. ಶ್ರೀವಿದ್ಯಾ ಹಳೇ ಕಬ್ಬಿಣದವನನ್ನು ಕರೆದುಕೊಂಡು ಹೊರಗೆ ಹೋದಳು. ಈಗ ಹೋಗು, ಏನು ಎತ್ತ ಎಂದು ನಾಳೆ ಫೋನಿನಲ್ಲಿ ಹೇಳುತ್ತೇನೆ ಎನ್ನುತ್ತಿದ್ದುದು ಗಾಳಿಯಲ್ಲಿ ಕೇಳಿಸುತ್ತಿತ್ತು.

ಅಲ್ಲಿಗೆ ನಿಲ್ಲಿಸಿದ್ದರೆ ಅವರು ಪಂಢರಿನಾಥ ರಾಯರಾಗುತ್ತಿರಲಿಲ್ಲ. ಕನ್ನಡಿ ಎಂದು ಹೋಟೆಲಿನಲ್ಲಿ ಆಡಿದ ಮಾತು ಅವರ ಅಂಗೈಯಲ್ಲಿ ತುರಿಸುತ್ತಿತ್ತು. ಇನ್ನೊಂದೇ ಓಟ ಎಂದು ಅಲಗನ್ನು ಇನ್ನೊಂದು ಕೂದಲಷ್ಟು ಇಳಿಸಿದರು. ಹಾಸು ಅರ್ಧ ಹೋಗುವವರೆಗೆ ಏನೂ ಆಗಲಿಲ್ಲ. ಆಮೇಲೆ ಕೇಳಿದ ಸದ್ದು ದೊಡ್ಡದೇನಲ್ಲ. ಹಲ್ಲಿನಡಿಗೆ ಕಲ್ಲು ಸಿಕ್ಕಿದಷ್ಟೇ. ರಾಯರು ಮೋಟಾರು ನಿಲ್ಲಿಸಿದರು. ಅಲಗಿನ ತುದಿಯಲ್ಲಿ ಸಾಸಿವೆಯಷ್ಟು ಚೂರು ಹಾರಿಹೋಗಿತ್ತು. ಮಗಳು ಒಳಗೆ ಬರುವಷ್ಟರಲ್ಲಿ ಅದರ ಮೇಲೆ ಅವರ ಶಾಲು ಬಿದ್ದಿತ್ತು. ಮುಗೀತು ತಾನೆ ಎಂದಳು ಅವಳು. ಫಸ್ಟ್ ಕ್ಲಾಸ್ ಎಂದರು ಇವರು. ಬಸ್ಸಿನಲ್ಲಿ ಹಿಂತಿರುಗುವಾಗ ದಾರಿಯುದ್ದಕ್ಕೂ ಕೈ ಕಿಟಕಿಯ ಸರಳನ್ನು ಉಜ್ಜುತ್ತಲೇ ಇತ್ತು.

ಭಾನುವಾರ ಬೆಳಿಗ್ಗೆ ಭಟ್ಟರು ತಾವೇ ಫ್ಲ್ಯಾಟಿಗೆ ಬಂದು ಅಪ್ಪ ಮಗಳನ್ನು ಕರೆದುಕೊಂಡು ಹೋಗಿ ಅಮೃತಶಿಲೆಯ ಮೇಜಿಗೆ ಕೂರಿಸಿದರು. ಸಂತೋಷ್ ಇರುಳೆಲ್ಲ ಈರುಳ್ಳಿಯಿಂದ ಎಣ್ಣೆ ಉಜ್ಜಿ ಕಲ್ಲನ್ನು ಪಳಗಿಸಿದ್ದನಂತೆ. ಮೊದಲಿನ ದೋಸೆಗಳೆಲ್ಲ ಕಚ್ಚಿ ಹರಿದವಂತೆ. ಆಮೇಲೆ ಹಿಟ್ಟು ಸುರಿದರೆ ತಾನಾಗಿಯೇ ಚಕ್ರದ ಹಾಗೆ ಹರಡಿಕೊಳ್ಳುತ್ತಿದೆಯಂತೆ. ಊರಿನ ಬಸ್ಸಿನ ಸೀಟು ರದ್ದಾಗಿತ್ತು.

ದೋಸೆ ಬಂತು. ತಟ್ಟೆಯ ಆಚೆಗೂ ಚಾಚಿದ, ಅಡ್ಯಾರಿನ ಹೆಸರಾಂತ ಆಲದ ಮರದ ನೆರಳಿನಷ್ಟು ದೊಡ್ಡ ದೋಸೆ, ಅಂಚಿನಿಂದ ಅಂಚಿಗೆ ಒಂದೇ ಬಣ್ಣ. ಅದರ ಮೈಮೇಲೆ, ಈ ತುದಿಯಿಂದ ಆ ತುದಿಗೆ, ಎಳೆದು ಕಟ್ಟಿದ ದಾರದ ಹಾಗೆ ಒಂದು ತೆಳ್ಳನೆಯ ನೇರ ಗೆರೆ.

"ಅದೊಂದು ಬರ್ತಾ ಉಂಟು," ಎಂದರು ಭಟ್ಟರು. "ಗಿರಾಕಿಗಳು ಕೇಳಿದ್ರೆ ನಮ್ಮ ಹೋಟೆಲಿನ ಮಾರ್ಕು ಅಂತ ಹೇಳ್ತೇನೆ."

ಶ್ರೀವಿದ್ಯಾ ಆ ಗೆರೆಯನ್ನು ನೋಡುತ್ತ ಕೂತಳು. ಚಿಕ್ಕವಳಿದ್ದಾಗ ಅವಳ ಸ್ಲೇಟುಗಳ ಒಂದು ಬದಿಯಲ್ಲಿ, ಅಪ್ಪ ಅಲಗಿನ ತುದಿಯಿಂದ ಗೀರಿದ ಇಂಥದೇ ಗೆರೆಗಳಿರುತ್ತಿದ್ದವು.

"ಅಪ್ಪಾ, ಅಲಗಿಗೆ ಏನಾಯ್ತು?"

ರಾಯರ ಬೆರಳು ಗೆರೆಯ ಮೇಲೆ ಮೆಲ್ಲಗೆ ಹೋಗುತ್ತಿತ್ತು, ಬಿಸಿಯೆಂಬುದೂ ಗೊತ್ತಿಲ್ಲದಂತೆ. "ಏನಾಗಿಲ್ಲಮ್ಮ," ಎಂದರು. "ಗೆರೆ ಇಲ್ದೆ ಅಕ್ಷರ ನೆಟ್ಟಗೆ ಬರತ್ತಾ?"

ಮೇಜಿನ ಮೇಲಿದ್ದ ಅವಳ ಫೋನು ಹೊಡೆದುಕೊಳ್ಳತೊಡಗಿತು. ಹಳೇ ಕಬ್ಬಿಣದವನ ಹೆಸರು ಒಂದು ಸಲ ಬೆಳಗಿ ಆರಿತು, ಮತ್ತೆ ಬೆಳಗಿತು. ಅವಳು ಫೋನನ್ನು ಬೋರಲು ಹಾಕಿದಳು. ಆಮೇಲೆ ಎರಡೂ ಕೈಯಿಂದ ದೋಸೆಯ ಅಂಚು ಹಿಡಿದು, ಗೆರೆ ತಪ್ಪದ ಹಾಗೆ ಮೆಲ್ಲಗೆ ಹರಿದು, ಒಂದರ್ಧವನ್ನು ಅಪ್ಪನ ಕಡೆಗೆ ಸರಿಸಿದಳು.